ಪುಕ್ಕಟೆ

"ಹಂಗಾರ ನಲವತ್ತ ವರ್ಷ ನಾ ಯಾಕ ತೊಳದ್ನಿ?" ಎಂದು ಮಂಚದಿಂದ ಹೆಂಡತಿ ನಾಗವ್ವ ಕೇಳಿದಾಗ, ಕಾಶಪ್ಪ ಮೊಮ್ಮಗಳಿಗೆ ಲೂಥರನ ಪಾಠ ಹೇಳುತ್ತಿದ್ದ.

ಮಾಟುಂಗದ ಕನ್ನಡ ಕ್ರೈಸ್ತ ಸಭೆಯಲ್ಲಿ ಈ ವರ್ಷ ದೃಢೀಕರಣದ ದೀಕ್ಷೆಗೆ ಇದ್ದವಳು ನೇತ್ರಾ ಒಬ್ಬಳೇ. ಹೀಗಾಗಿ ಪಾಠ ವಿಲೆ ಪಾರ್ಲೆಯ ಚಾಳಿನ ಖೋಲಿಯಲ್ಲೇ ನಡೆದಿತ್ತು. ಲೂಥರ್ ತೊಂಬತ್ತೈದು ಮಾತು ಬರೆದು ಚರ್ಚಿನ ಬಾಗಿಲಿಗೆ ಮೊಳೆ ಹೊಡೆದದ್ದು ಎಲ್ಲರಿಗೂ ಗೊತ್ತು. ಮೊಳೆಗಳೂ ತೊಂಬತ್ತೈದಿದ್ದವು, ಸದ್ದಿಗೆ ಓಣಿಯವರೆಲ್ಲ ಜಗಳಕ್ಕೆ ಬಂದರು ಎಂಬುದು ಕಾಶಪ್ಪನಿಗೆ ಮಾತ್ರ ಗೊತ್ತು. ಮೂವತ್ತು ವರ್ಷಗಳಿಂದ ಮಕ್ಕಳು ಅದನ್ನೇ ಬರೆದು ಪಾಸಾಗಿದ್ದಾರೆ.

"ಒಳ್ಳೆ ಕೆಲಸಾ ಮಾಡಿದ್ರ ಸ್ವರ್ಗ ಸಿಗೂದಿಲ್ಲವ್ವಾ. ಬರೇ ದೇವರ ಕೃಪೆ, ನಮ್ಮ ನಂಬಿಕಿ," ಅಂದಿದ್ದ.

"ಮತ್‌ಲಬ್ ಫ್ರೀ, ಅಜ್ಜಾ?"

"ಹೂಂ. ಪುಕ್ಕಟೆ."

ಆ ಮಾತು ನಾಗವ್ವನ ಕಿವಿಗೆ ಬಿದ್ದಿತ್ತು. ಬೆಟಗೇರಿಯಿಂದ ಬಂದ ವರ್ಷದಿಂದ ಚರ್ಚಿನಲ್ಲಿ ಪ್ರಭುಭೋಜನದ ರೊಟ್ಟಿ, ದ್ರಾಕ್ಷಾರಸ ಇಡುವ ಮೇಜಿನ ಬಟ್ಟೆ ತೊಳೆದವಳು ಅವಳೇ. ಈಗ ಎರಡು ತಿಂಗಳಿಂದ ಹಾಸಿಗೆ ಬಿಟ್ಟು ಎದ್ದಿಲ್ಲ. ಇನ್ನು ಮನೆಯಲ್ಲೇ ಇರಲಿ ಎಂದು ದವಾಖಾನೆಯವರು ಕಳಿಸಿಬಿಟ್ಟಿದ್ದರು.

"ಪುಕ್ಕಟೆ ಯಾರ ಏನ ಕೊಟ್ಟಾರ ನನಗ?" ಅಂದಳು. "ಎರಡ ತಿಂಗಳ ಬಟ್ಟಿ ಯಾಕ ತೊಳೀಲಿಲ್ಲ ಅಂತ ಮ್ಯಾಲಿನಂವ ಕೇಳಿದ್ರ ಏನ ಹೇಳ್ಲಿ? ಒಮ್ಮೆ ತಂದ ಕೊಡ್ರಿ."

"ನಂಬಿಕಿ ಸಾಕ, ನಾಗವ್ವಾ."

"ಆ ಪಾಠ ಹುಡುಗಿಗೆ ಹೇಳ್ರಿ."

ಮರುದಿನ ಕಾಶಪ್ಪ ಲೋಕಲ್ ಹಿಡಿದು ಹೋಗಿ ಬಟ್ಟೆ ತಂದ. ಮಂಚದ ಪಕ್ಕ ಬಕೆಟ್ ಇಟ್ಟ. ನಾಗವ್ವ ಒಂದು ಕೈ ನೀರಿಗೆ ಇಳಿಬಿಟ್ಟು, ಬಟ್ಟೆಯ ಅಂಚು ಹಿಡಿದು, ಹಾಗೇ ಮಂಪರಿಗೆ ಜಾರಿದಳು. ಅವಳ ಬೆರಳು ಬಿಡಿಸಿ, ಒರೆಸಿ, ಕಾಶಪ್ಪ ಬಕೆಟ್ಟನ್ನು ಖೋಲಿಯ ಮೂಲೆಯಲ್ಲಿ ಬಟ್ಟೆ ಒಗೆಯುವ ಮೋರಿಗೆ ಒಯ್ದು ಕುಳಿತ. ಜನ್ಮದಲ್ಲಿ ಬಟ್ಟೆ ಒಗೆದವನಲ್ಲ. ತಿಕ್ಕಿದ, ಹಿಂಡಿದ, ನೀಲಿ ಹಾಕಿದ.

"ಅಜ್ಜಾ, ನೀಲಿ ಜ್ಯಾದಾ ಆಯ್ತು," ಎಂದಳು ನೇತ್ರಾ.

"ಸುಮ್ಮನಿರವ್ವಾ."

ಸಂಜೆ ನಾಗವ್ವ ಕಣ್ಣು ತೆರೆದಾಗ ಬಟ್ಟೆ ಮಂಚದ ಮೇಲಿನ ಹಗ್ಗದಲ್ಲಿ ತೂಗುತ್ತಿತ್ತು.

"ಯಾರ ತೊಳದರು?"

"ನೀನ. ಎರಡ ಸಲ ಹಿಂಡಿದಿ. ಬ್ಯಾಡ ಅಂದ್ರೂ ಕೇಳದ ಮೂರನೇ ಸಲಾನೂ ಹಿಂಡಿದಿ."

ಕಾಶಪ್ಪನ ಮುಖ ಲೂಥರನ ಮೊಳೆಗಳ ಲೆಕ್ಕ ಹೇಳುವಾಗ ಇರುವ ಹಾಗೆಯೇ ಇತ್ತು. ನೇತ್ರಾ ಪುಸ್ತಕದಿಂದ ತಲೆ ಎತ್ತಲಿಲ್ಲ.

ನಾಗವ್ವ ಕೈ ಚಾಚಿ ಬಟ್ಟೆಯ ಮೂಲೆ ಹಿಡಿದಳು. ಅಲ್ಲಿ ಅಂಗೈಯಗಲ ನೀಲಿ ಕಲೆ. ನಲವತ್ತು ವರ್ಷದಲ್ಲಿ ಅವಳು ಒಮ್ಮೆಯೂ ಬಿಟ್ಟಿರದಂಥದು. ಅದನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಗಂಡನ ಬೆರಳುಗಳನ್ನು ನೋಡಿದಳು. ಅವೂ ನೀಲಿಯಾಗಿದ್ದವು.

"ಛಲೋ ತೊಳದೇನಿ," ಅಂದಳು.

ಬಟ್ಟೆಯಿಂದ ಒಂದೊಂದೇ ಹನಿ ಅವಳ ಮುಂಗೈ ಮೇಲೆ ಬೀಳುತ್ತಿತ್ತು. ಅವಳು ಕೈ ಸರಿಸಲಿಲ್ಲ.