ಸಾಲು ತಪ್ಪಿದ ಏಳು ತೆಂಗು

"ಕೋಲು ನೆಟ್ಟುಗ್ ಹಿಡಿಯೇ ಮುಂಡೆ! ಗಂಡ ಓಡೋಗಿ ಹತ್ತೊರ್ಸ ಆಯ್ತು, ಇನ್ನೂ ಯಾವನ್ ಬತ್ತಾನೆ ಅಂತ ಒಲೀತಾ ನಿಂತಿದೀಯೇ?"

ಮೇಸ್ತ್ರಿ ಮಂಜಪ್ಪ ಇನ್ನೂರು ಗಜ ಆಚೆಯಿಂದ ಕೂಗಿದ. ಪೊದೆ ಕಡಿಯುತ್ತಿದ್ದ ಗಂಡಾಳುಗಳು ಕಿಸಕ್ಕನೆ ನಕ್ಕರು. ಮೂರು ಕಾಲಿನ ದುರ್ಬೀನಿಗೆ ಕಣ್ಣಿಟ್ಟು ನಿಂತಿದ್ದ ಇಂಜಿನಿಯರ್ ದತ್ತಾತ್ರಿ ನಗಲಿಲ್ಲ, ಮೇಸ್ತ್ರಿಯನ್ನು ಗದರಲೂ ಇಲ್ಲ.

ಕರಿಯಮ್ಮ ಕೆಂಪು ಬಿಳಿ ಪಟ್ಟೆಯ ಕೋಲನ್ನು ಬೆರಳ ತುದಿಯಲ್ಲಿ ಹಿಡಿದು ಅಲುಗದೆ ನಿಂತಳು. ಪೊದೆ ಕಡಿಯುವ ಕೂಲಿಗೆಂದು ಬಂದವಳು ಅವಳು. ಕೋಲು ಹಿಡಿಯುವವನು ಜ್ವರ ಬಂದು ಮಲಗಿದ್ದರಿಂದ ಮೂರು ದಿನದಿಂದ ಈ ಕೆಲಸ ಅವಳ ಪಾಲಿಗೆ ಬಂದಿತ್ತು. ಮಂಜಪ್ಪ ಕೋಲನ್ನು ಅವಳ ಕೈಗೆ ಕೊಡುತ್ತಿರಲಿಲ್ಲ. ನೆಲಕ್ಕೆ ಎಸೆಯುತ್ತಿದ್ದ, ಅವಳು ಎತ್ತಿಕೊಳ್ಳುತ್ತಿದ್ದಳು. ಬಿಗಿಹಿಡಿದರೆ ಕೋಲು ವಾಲುತ್ತದೆ, ಸಡಿಲ ಬಿಟ್ಟರೆ ತನ್ನ ಭಾರಕ್ಕೆ ತಾನೇ ನೆಟ್ಟಗಾಗುತ್ತದೆ ಎಂಬುದನ್ನು ಯಾರೂ ಹೇಳಿಕೊಡದೆ ಅವಳೇ ಕಂಡುಕೊಂಡಿದ್ದಳು. ಯಾರಿಗೂ ಹೇಳದ ಒಂದು ಸುಖವೂ ಅದರಲ್ಲಿತ್ತು. ದೂರದಲ್ಲಿ ಓದಿದವನೊಬ್ಬ ಒಂದು ಕಣ್ಣು ಮುಚ್ಚಿ ತನ್ನ ಕೈಯ ಕೋಲನ್ನೇ ನೋಡುತ್ತಾನೆ, ತಾನು ನಿಂತ ಜಾಗ ಅವನ ಕಾಗದದಲ್ಲಿ ಒಂದು ಚುಕ್ಕಿಯಾಗುತ್ತದೆ. ನಲವತ್ತಮೂರು ವರ್ಷದಲ್ಲಿ ಅವಳು ನಿಂತ ಜಾಗವನ್ನು ಯಾರೂ ಬರೆದುಕೊಂಡಿರಲಿಲ್ಲ.

ಎಮರ್ಜೆನ್ಸಿ ಮುಗಿದ ಮರುವರ್ಷ ಅದು. ಬೀರೂರು ಜಂಕ್ಷನ್ನಿನಿಂದ ಸಿಂಗಟಗೆರೆ ಕಡೆಗೆ ಒಂದು ಕವಲು ರೈಲು ಬರುತ್ತದಂತೆ. ಅವಳ ಮುತ್ತಜ್ಜನ ಕಾಲದಲ್ಲಿ ಬಿಳಿ ದೊರೆಗಳ ಕಂಪನಿಯೊಂದು ಇದೇ ದಾರಿಯನ್ನು ಅಳೆದು, ಮೈಲಿಗಟ್ಟಲೆ ಕಲ್ಲು ನೆಟ್ಟು, ಆಮೇಲೆ ಅದ್ಯಾಕೋ ಕೈಬಿಟ್ಟು ಹೋಗಿತ್ತು. ಆ ಕಾಲದ ನಕ್ಷೆಯನ್ನು ಗೆದ್ದಲು ತಿಂದಿತ್ತು. ಉಳಿದದ್ದು ಕಲ್ಲುಗಳ ನಂಬರಿನ ಪಟ್ಟಿ ಮಾತ್ರ. ಕಲ್ಲು ಸಿಕ್ಕಿದ ಕಡೆಯೆಲ್ಲ ನೆಲ ರೈಲ್ವೆಯದೇ, ಯಾರನ್ನೂ ಕೇಳುವ ಹಾಗಿಲ್ಲ. ಹಾಗಾಗಿ ದತ್ತಾತ್ರಿ ಕಲ್ಲುಗಳನ್ನೇ ಹುಡುಕಿಕೊಂಡು ಬರುತ್ತಿದ್ದ. ಒಂದು, ಎರಡು, ಮೂರನೆಯವು ದನ ಮೇಯುವ ಕಾವಲಿನ ಹುಲ್ಲಿನಲ್ಲಿ ಸಿಕ್ಕಿದ್ದವು. ಹನ್ನೊಂದನೆಯದು ಆಚೆ ಮಾಳೇನಹಳ್ಳಿ ಕೆರೆ ಏರಿಯ ಬುಡದಲ್ಲಿತ್ತು. ನಡುವಿನ ಏಳು ಬೇಕಾಗಿದ್ದವು.

ಅವು ಎಲ್ಲಿವೆ ಎಂದು ಕರಿಯಮ್ಮನಿಗೆ ಗೊತ್ತಿತ್ತು. ಅವಳು ಬಾಯಿ ಬಿಡಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಮಂಜಪ್ಪನೇ ಕಂಡುಹಿಡಿದ. ಮಾಳೇನಹಳ್ಳಿಯ ಹಟ್ಟಿಯಲ್ಲಿ ಇಪ್ಪತ್ತೆರಡು ಗುಡಿಸಲು. ಗುಡಿಸಲುಗಳ ಹಿಂದೆ ಹಟ್ಟಿಯವರು ಹೆಣ ಹೂಳುವ ಜಾಗ. ಅದರ ಅಂಚಿಗೆ ಸಾಲಾಗಿ ಏಳು ಕಲ್ಲು, ಅರಿಸಿನ ಮೆತ್ತಿ ಮೆತ್ತಿ ಹೋರಿಯ ಹೆಗಲ ಇಣಿಯಂತೆ ದಪ್ಪಗಾಗಿದ್ದವು. ಹಟ್ಟಿಯ ಹೆಂಗಸರಿಗೆ ಅವು ಏಳುಮಕ್ಕಳಮ್ಮ. ಬಾಣಂತಿ ಮೊದಲು ಹೊರಗೆ ಬಂದ ದಿನ ಅಲ್ಲಿಗೇ ಹೋಗಿ ನೀರು ಹುಯ್ಯಬೇಕು. ಮಂಜಪ್ಪ ಆಳಿನ ಕೈಯಿಂದ ಮಚ್ಚು ಕಿತ್ತುಕೊಂಡು ಮೊದಲ ಕಲ್ಲಿನ ಮುಖ ಹೆರೆದ.

"ಏಯ್ ಏಯ್, ಯಾಕಪ್ಪ, ಅಮ್ಮುನ್ ಮೇಲೆ ಕತ್ತಿ ಇಕ್ತೀಯ?" ಗುಡಿಸಲ ಮುಂದೆ ಕೂತಿದ್ದ ಚೌಡಜ್ಜಿ ಎದ್ದು ಬಂದಳು. ಅವಳು ಹಟ್ಟಿಯ ಸೂಲಗಿತ್ತಿ.

"ಅಮ್ಮ ಅಲ್ಲ ಕಣಜ್ಜಿ, ಅಪ್ಪ! ಬಿಳೀ ಅಪ್ಪ!" ಮಂಜಪ್ಪ ಹೋ ಎಂದು ನಕ್ಕ. ಹಳದಿ ಹೆಕ್ಕಳೆ ಉದುರಿ ಕಪ್ಪು ಕಲ್ಲಿನ ಮೇಲೆ ಕೆತ್ತಿದ ಇಂಗ್ಲಿಷ್ ಅಕ್ಷರ, ಅದರ ಕೆಳಗೆ ನಾಲ್ಕರ ಅಂಕಿ ಕಂಡವು. "ಸಾರ್, ಸಿಕ್ತು! ಏಳೂ ಇಲ್ಲೇ ಅವೆ. ಹೊಲಗೇರಿಯೋರು ರೈಲ್ ಕಲ್ಲಿಗೆ ಅಡ್ಡಬಿದ್ಕಂಡ್ ಕುಂತವ್ರೆ!"

ದತ್ತಾತ್ರಿ ಪಟ್ಟಿ ನೋಡಿದ, ಕಲ್ಲು ನೋಡಿದ, ಪೆನ್ಸಿಲಿನಿಂದ ಏಳು ಗುರುತು ಹಾಕಿದ. ಆಮೇಲೆ ಗುಡಿಸಲುಗಳ ಕಡೆ ತಿರುಗಿ, "ಇದೆಲ್ಲ ರೈಲ್ವೆ ಜಾಗ. ನಿಮ್ಮ ಹತ್ತಿರ ಖಾತೆ ಗೀತೆ ಏನಾದ್ರೂ ಇದೆಯೇನಮ್ಮ?" ಎಂದ.

"ಹೆಣ ಹೂತಿದೀವಿ ಸೋಮಿ," ಎಂದಳು ಚೌಡಜ್ಜಿ.

"ಹಾಗಂದ್ರೆ ಒತ್ತುವರಿ. ನೋಟಿಸ್ ಬರುತ್ತೆ. ಬೇರೆ ಕಡೆ ನೋಡ್ಕೊಳ್ಳಿ."

ಅಷ್ಟೇ. ಅವನು ಕೆಟ್ಟ ಮಾತೇನೂ ಆಡಲಿಲ್ಲ. ಸಂಜೆ ಜೀಪು ಹತ್ತುವ ಮುಂಚೆ ಆಳುಗಳು ಗುಡಿಸಲ ಬಾಗಿಲಿಗೆಲ್ಲ ಕೆಂಪು ಬಣ್ಣದ ನಂಬರು ಬರೆದರು. ಕರಿಯಮ್ಮನ ಗುಡಿಸಲು ಹದಿನಾಲ್ಕು.

ಅವಳು ಒಳಗೆ ಹೋಗಲಿಲ್ಲ. ಹೂಳುವ ಜಾಗದಲ್ಲಿ, ಎರಡನೆಯ ಕಲ್ಲಿನ ಹಿಂದೆ, ಅವಳ ಮಗಳಿದ್ದಳು. ನಾಲ್ಕು ವರ್ಷದ ಮಗು, ಮೈಮೇಲೆ ಸಿಡುಬಿನ ಅಮ್ಮ ಎದ್ದು ಎಂಟು ದಿನದಲ್ಲಿ ಹೋಯಿತು. ಗಂಡ ಆ ತಿಂಗಳೇ ಭದ್ರಾ ಕಾಲುವೆ ಕೆಲಸಕ್ಕೆಂದು ತರೀಕೆರೆ ಬಸ್ಸು ಹತ್ತಿದವನು ತಿರುಗಿ ಬರಲಿಲ್ಲ. ಕರಿಯಮ್ಮ ಅತ್ತದ್ದು ಕಡಿಮೆ. ದಿನಾ ಹೊಲದಿಂದ ಬಂದವಳು ಅಲ್ಲಿ ಸ್ವಲ್ಪ ಹೊತ್ತು ಕೂತು, ಕಾಲಿಗಂಟಿದ ಮಣ್ಣು ಕೆರೆದುಕೊಂಡು ಎದ್ದು ಬರುತ್ತಿದ್ದಳು. ಲೋಕದಲ್ಲಿ ಯಾರೂ ಅವಳಿಗೆ ಎದ್ದೇಳು ಅನ್ನದ ಜಾಗ ಅದೊಂದೇ.

ಈಗ ಹೇಳಲೇಬೇಕು ಅನ್ನಿಸಿತು.

ಮರುದಿನ ಬೆಳಿಗ್ಗೆ ದತ್ತಾತ್ರಿ ಮೂರನೆಯ ಕಲ್ಲಿನ ಬಳಿ ದುರ್ಬೀನು ಇಟ್ಟು ತನ್ನಷ್ಟಕ್ಕೆ ಗೊಣಗುತ್ತಿದ್ದ. "ಮೂರರಿಂದ ಹನ್ನೊಂದಕ್ಕೆ ನೇರ ಹೋಗಬಹುದಿತ್ತು. ಸಮತಟ್ಟು ನೆಲ, ಹಳ್ಳ ಇಲ್ಲ, ಗುಡ್ಡ ಇಲ್ಲ. ಹಟ್ಟಿ ಕಡೆ ತಿರುಗಿಸಿ ಮತ್ತೆ ಯಾಕೆ ವಾಪಸ್ ತಂದರು? ಅವರಿಗೇನು ತಲೆ ಕೆಟ್ಟಿತ್ತ?"

"ಅವ್ರು ತಿರುಗ್ಸಿಲ್ಲ ಸೋಮಿ," ಎಂದಳು ಕರಿಯಮ್ಮ.

ಮಂಜಪ್ಪ ಕೈಯಲ್ಲಿದ್ದ ಗೂಟವನ್ನು ಅವಳ ಕಾಲ ಬಳಿ ಎಸೆದ. "ಲೇ, ಸಾಹೇಬ್ರು ನಿನ್ ಕೇಳಿದ್ರೇನೇ? ನಾಕ್ ದಿನ ಕೋಲ್ ಹಿಡ್ದು ಇಂಜಿನೇರಮ್ಮ ಆಗ್ಬಿಟ್ಲು!"

"ಇರು ಮೇಸ್ತ್ರಿ," ಎಂದ ದತ್ತಾತ್ರಿ. "ಹೇಳಮ್ಮ."

ಅವಳು ನೆಲ ನೋಡಿಕೊಂಡೇ ಹೇಳಿದಳು. "ನಂಗಾಗ ಒಂಬತ್ತೊರ್ಸ. ನಮ್ಮಪ್ಪಯ್ಯ ಗಿಡ್ಡಪ್ಪ, ಆ ತೆಂಗಿನ್ ತೋಟದ ಗೌಡ್ರು ತೀರ್ಥಪ್ಪನೋರ ಮನೇಲಿ ಜೀತುಕ್ಕಿದ್ದ. ಅವರಪ್ಪ, ದೊಡ್ಡ ಗೌಡ್ರು, ತೋಟ ಇಕ್ಕಬೇಕು, ಕಲ್ಲು ಅಡ್ಡ ಅಂತ ಏಳೂ ಕೀಳಿಸುದ್ರು. ಹಾಡುಹಗಲೇ ಸೋಮಿ, ಊರೆಲ್ಲ ನೋಡ್ತು. ಬಿದ್ರು ಬೊಂಬಿಗೆ ಕಟ್ಟಿ ನಮ್ಮಪ್ಪಯ್ಯ, ಚಿಗಪ್ಪ ಹೊತ್ರು. ಹಟ್ಟೀಲಿ ಸಾಲಾಗ್ ನಿಲ್ಸಿ, ಯಾರಾರ ಕೇಳುದ್ರೆ ಮೊದ್ಲಿಂದ್ಲೂ ಇಲ್ಲೇ ಇತ್ತು ಅನ್ನಿ ಅಂದ್ರು. ಎರಡ್ನೇ ಕಲ್ಲು ಜಾರಿ ಅಪ್ಪಯ್ಯನ ಕೈನ ಮೂರು ಬೆಳ್ಳು ಜಜ್ಜೋಯ್ತು. ನಮ್ಮವ್ವ ಹೆದ್ರುಕಂಡು, ಕಲ್ಲು ಮುನ್ಕಂಡದೆ ಅಂತ ಅದುಕ್ಕೆ ಅರಿಸ್ನ ಹಚ್ಚುದ್ಲು. ಅವತ್ತಿಂದ ಅದು ದೇವ್ರು."

ಇಷ್ಟು ಉದ್ದದ ಮಾತನ್ನು ಅವಳು ಯಾರೆದುರೂ ಆಡಿರಲಿಲ್ಲ.

"ಸಾಕ್ಷಿ?" ಎಂದ ದತ್ತಾತ್ರಿ.

"ತೋಟುಕ್ ಬನ್ನಿ. ಗುಣಿ ತೋಡಿದ್ದು ಹಾಳಾಗ್ಬಾರ್ದು ಅಂತ ಕಲ್ಲು ಕಿತ್ತ ಗುಣೀಗೇ ದೊಡ್ಡ ಗೌಡ್ರು ಸಸಿ ಇಕ್ಸಿದ್ರು. ಏಳು ಮರ ಸಾಲಿಗ್ ಬರಲ್ಲ. ನೋಡಿ."

ಅವನು ನೋಡಲು ಒಪ್ಪಿದ. ಅವಳು ಕೋಲು ಎತ್ತಿಕೊಂಡು ಬದು ದಾಟಿ ತೀರ್ಥಪ್ಪನ ತೆಂಗಿನ ತೋಟಕ್ಕೆ ನುಗ್ಗಿದಳು. ಹುಡುಗಿಯಾಗಿದ್ದಾಗ ಗರಿ ಹೊತ್ತ ತೋಟ. ಮರಗಳು ಎತ್ತ ನೋಡಿದರೂ ಗೆರೆ ಎಳೆದಂತೆ ನಿಂತಿದ್ದವು. ಆ ಏಳು ಮಾತ್ರ ಸಾಲುಗಳನ್ನು ಓರೆಯಾಗಿ ಕತ್ತರಿಸಿಕೊಂಡು ಹೋಗಿದ್ದವು, ಒಪ್ಪವಾಗಿ ಬಾಚಿದ ತಲೆಯಲ್ಲಿ ಓರೆ ಬೈತಲೆ ತೆಗೆದಂತೆ. ಅವಳು ಮೊದಲ ಮರದ ಬುಡದಲ್ಲಿ ಕೋಲು ನಿಲ್ಲಿಸಿ ಕೈ ಸಡಿಲ ಬಿಟ್ಟಳು.

ದೂರದಲ್ಲಿ ದತ್ತಾತ್ರಿ ಬಗ್ಗಿದ. ಬಹಳ ಹೊತ್ತು ಬಗ್ಗಿಯೇ ಇದ್ದ. ದುರ್ಬೀನಿನಲ್ಲಿ ಏಳು ಮರ ಒಂದರ ಹಿಂದೊಂದು ಅಡಗಿ ಒಂದೇ ಮರವಾಗಿ, ಅದರ ಮುಂದೆ ಕೆಂಪು ಬಿಳಿ ಕೋಲಾಗಿ ಕಂಡಿರಬೇಕು. ತಲೆ ಎತ್ತಿದ, ಕನ್ನಡಕ ಒರೆಸಿದ, ಮತ್ತೆ ಬಗ್ಗಿದ. ನಡೆದುಕೊಂಡು ತೋಟಕ್ಕೆ ಬಂದಾಗ ಅವನ ಮುಖದಲ್ಲಿ ಲೆಕ್ಕ ತಾಳೆಯಾದ ಹುಡುಗನ ಬೆಳಕಿತ್ತು. "ಸರಿಯಾಗಿದೆ," ಎಂದ. "ನೂಲು ಹಿಡಿದ ಹಾಗಿದೆಯಮ್ಮ."

ಆ ಒಂದು ಮಾತು ಕರಿಯಮ್ಮನ ಎದೆಯೊಳಗೆ ಎಲ್ಲೋ ಹೋಗಿ ಕೂತಿತು. ಅದನ್ನು ಅನುಭವಿಸಲು ಅವಳಿಗೆ ಸಿಕ್ಕಿದ್ದು ಒಂದು ಗಳಿಗೆ.

"ಏನ್ ಸಾಹೇಬ್ರೆ, ತೋಟುಕ್ ಬಂದು ಎಳನೀರ್ ಕುಡೀದೆ ನಿಂತಿದೀರಲ್ಲ!" ತೀರ್ಥಪ್ಪ ಛತ್ರಿ ಹಿಡಿದು ಬಂದ. ಹಣೆ ತುಂಬ ವಿಭೂತಿ, ನಗುಮುಖ. ಹಿಂದೆ ಇಬ್ಬರು ಆಳು. ಕರಿಯಮ್ಮ ಗಾಳಿಯೇನೋ ಎಂಬಂತೆ ಅವಳನ್ನು ದಾಟಿ ಹೋಗಿ, ಅದೇ ಓರೆ ಸಾಲಿನ ಮೊದಲ ಮರಕ್ಕೆ ಆಳನ್ನು ಹತ್ತಿಸಿ ಗೊನೆ ಇಳಿಸಿದ. ದತ್ತಾತ್ರಿಗೆ ಕುರ್ಚಿ ಬಂತು. ಎಳನೀರು ಕೆತ್ತಿ ಲೋಟಕ್ಕೆ ಬಗ್ಗಿಸಿ ಕೊಟ್ಟರು.

"ಈ ಮರಗಳು ಸಾಲು ತಪ್ಪಿವೆಯಲ್ಲ ಗೌಡ್ರೆ," ಎಂದ ದತ್ತಾತ್ರಿ, ಕುಡಿಯುವುದಕ್ಕೆ ಮುಂಚೆ.

"ನಮ್ಮಪ್ಪಾಜಿಗೆ ಕಣ್ ಮಂಜು ಸಾರ್. ಎಲ್ಲೆಲ್ಲೋ ಇಕ್ಕುಸ್ಬಿಟ್ರು." ತೀರ್ಥಪ್ಪ ನಕ್ಕ. "ಅದುಕ್ಕೇನೀಗ? ಮರ ನೋಡಿ ರೈಲ್ ಬಿಡ್ತೀರೋ, ಕಲ್ ನೋಡಿ ಬಿಡ್ತೀರೋ? ಈ ತೋಟುಕ್ ಕೈಯಿಟ್ರೆ ನಾನು ಕೋರ್ಟಿಗ್ ಹೋಗದು ಖಂಡಿತ. ನಿಮ್ ಲೈನು ನಿಮ್ ಮೊಮ್ಮಕ್ಕಳ ಕಾಲಕ್ ಬಂದೀತು. ಅದೇ ಹಟ್ಟಿಯೋರ್ಗಾದ್ರೆ ಒಂದ್ ಲಾರಿ ಸಾಕು. ನೀವು ಓದಿದೋರು, ನಾ ಏನ್ ಹೇಳಾದು."

ದತ್ತಾತ್ರಿ ಲೋಟ ನೋಡುತ್ತ ಕೂತ. ಆಮೇಲೆ ಕುಡಿದ, ಪೂರ್ತಿ.

"ನೋಡಮ್ಮ," ಎಂದ ಅವಳ ಕಡೆ ತಿರುಗದೆ. "ನೀನು ಹೇಳಿದ್ದು ಸುಳ್ಳು ಅನ್ನೋದಿಲ್ಲ ನಾನು. ಆದರೆ ನಮಗೆ ಕಲ್ಲು ಎಲ್ಲಿದೆಯೋ ಅದೇ ದಾಖಲೆ. ಮರ ದಾಖಲೆ ಅಲ್ಲ."

"ಆ ಕಲ್ ಹೊತ್ತ ಬೆಳ್ಳು, ಸೋಮಿ?"

"ಏಯ್!" ತೀರ್ಥಪ್ಪನ ನಗು ಹಾಗೇ ಇತ್ತು, ದನಿ ಮಾತ್ರ ಬದಲಾಯಿತು. "ನಿಮ್ಮಪ್ಪುಂಗೆ ಮೂರ್ ಬೆಳ್ಳೇ ಹೋದ್ವು. ನಿಂಗೆ ನಾಲಿಗೆ ಉದ್ದ ಆಗದೆ. ಎಳನೀರ್ ಕುಡ್ಕಂಡು ನಡಿ." ಆಳಿಗೆ ಕಣ್ಣು ಮಾಡಿದ. ಆಳು ಒಂದು ಬುರುಡೆ ಕೆತ್ತಿ ಮೇಲಿನಿಂದ ಬಗ್ಗಿಸಿದ, ಅವಳು ಬೊಗಸೆ ಒಡ್ಡುತ್ತಾಳೆಂದುಕೊಂಡು. ಅವಳ ಎರಡು ಕೈಯೂ ಕೋಲಿನ ಮೇಲಿದ್ದವು. ಎಳನೀರು ಕಾಲ ಮೇಲೆ ಬಿದ್ದು ಮಣ್ಣಿಗಿಳಿಯಿತು. ಮಂಜಪ್ಪ, "ಕೊಬ್ಬು ನೋಡಿ ಸಾರ್," ಎಂದ.

ಮಧ್ಯಾಹ್ನ ಅವಳಿಂದಲೇ ಕೋಲು ಹಿಡಿಸಿದರು, ಹಟ್ಟಿಯ ಹೂಳುವ ಜಾಗದಲ್ಲಿ. ಎರಡನೆಯ ಕಲ್ಲಿನ ಹಿಂದೆ ನಿಲ್ಲು ಎಂದು ಮಂಜಪ್ಪ ಕೈ ಬೀಸಿದ. ಇನ್ನೂ ಹಿಂದಕ್ಕೆ, ಇನ್ನೂ ಎಡಕ್ಕೆ. ಅವಳು ನಿಂತಳು. ಕೋಲಿನ ಕಬ್ಬಿಣದ ಮೊನೆ ಮಣ್ಣಿಗೆ ಇಳಿಯದಂತೆ ತನ್ನ ಕಾಲಿನ ಹೆಬ್ಬೆರಳ ಮೇಲೆ ಊರಿಕೊಂಡಳು. ದತ್ತಾತ್ರಿ ಅಳತೆ ಓದಿ ಬರೆದುಕೊಳ್ಳುವವರೆಗೂ ಹಾಗೇ ಇದ್ದಳು. ಬೆರಳಿನಿಂದ ರಕ್ತ ಬಂದದ್ದನ್ನು ಯಾರೂ ನೋಡಲಿಲ್ಲ.

ಸಂಜೆ ಹಟ್ಟಿಯಲ್ಲಿ ಗಂಡಸರು ತಲೆ ತಗ್ಗಿಸಿ ಕೂತಿದ್ದರು. ನಾಳೆ ಅವರೆಲ್ಲ ತೀರ್ಥಪ್ಪನ ತೋಟದಲ್ಲೇ ಕಾಯಿ ಸುಲಿಯಬೇಕು. ಚೌಡಜ್ಜಿ ಹೆರೆದ ಕಲ್ಲಿನ ಮುಂದೆ ಕೂತು ಕೇಳಿದಳು, "ಕರೀ, ಹಂಗಾರೆ ನಾವು ಮೂವತ್ನಾಕೊರ್ಸ ಕೈ ಮುಗ್ದಿದ್ದು ಯಾವುದುಕ್ಕೆ?"

"ನಮ್ಮಪ್ಪಯ್ಯನ ಬೆಳ್ಳಿಗೆ," ಎಂದಳು ಕರಿಯಮ್ಮ.

ಮುದುಕಿ ಉಗುರಿನಿಂದ ಅರಿಸಿನ ಕೆರೆಯತೊಡಗಿದಳು. "ಎತ್ಲಾಗಿಂದ ಬಂತೋ ಅತ್ಲಾಗೇ ಹೋಗ್ಲಿ," ಎಂದಳು.

ಬೆಳಿಗ್ಗೆ ಗಂಡಸರು ಕೆಲಸಕ್ಕೆ ಹೋದ ಮೇಲೆ ಹೆಂಗಸರು ಕಲ್ಲು ಕಿತ್ತರು. ಒಂದೊಂದು ಕಲ್ಲಿಗೆ ಇಬ್ಬಿಬ್ಬರು, ಬಿದಿರ ಬೊಂಬು, ಹಗ್ಗ. ಊರ ನಡುವಿನ ಬೀದಿಯಲ್ಲೇ ಹೊತ್ತರು. ಜಗುಲಿಗಳ ಮೇಲಿದ್ದವರು ಕಾಲು ಮೇಲೆಳೆದುಕೊಂಡರು. ಯಾರೋ "ಮುಟ್ಚಟ್ಟು, ನೀರ್ ಹಾಕ್ರೋ" ಎಂದು ಕೂಗಿದರು. ಹೆಗಲು ಕಿತ್ತುಬಂದರೂ ಹದಿನಾಲ್ಕು ಹೆಂಗಸರಲ್ಲಿ ಒಬ್ಬಳೂ ಇಳಿಸಲಿಲ್ಲ. ತೋಟದಲ್ಲಿ ಓರೆ ಸಾಲಿನ ಏಳು ಬುಡಕ್ಕೆ ಏಳು ಕಲ್ಲು ನಿಂತವು. ಕಾಯಿ ಸುಲಿಯುತ್ತಿದ್ದ ಹಟ್ಟಿಯ ಗಂಡಸರು ಎದ್ದು ನಿಂತರು, ಹತ್ತಿರ ಬರಲಿಲ್ಲ.

ಕಾವಲಿನಂಚಿನಲ್ಲಿ ಜೀಪಿಗೆ ಸಾಮಾನು ತುಂಬುತ್ತಿದ್ದರು. ಕರಿಯಮ್ಮ ಓಡಿದಳು. "ಸೋಮಿ, ಈಗ್ ನೋಡ್ರಿ! ಕಲ್ಲು ಎಲ್ಲದೆ ನೋಡ್ರಿ!"

ದತ್ತಾತ್ರಿ ತೋಟದ ಕಡೆ ಒಮ್ಮೆ ನೋಡಿದ. ಬರಿಗಣ್ಣಿಗೂ ಕಾಣುತ್ತಿತ್ತು. "ನಿನ್ನೆಯೇ ಬರೆದಾಯ್ತಮ್ಮ," ಎಂದ ಮೆಲ್ಲಗೆ. "ಇನ್ನು ಕಲ್ಲು ಎಲ್ಲಿದ್ದರೂ ಒಂದೇ."

"ಕಲ್ ಕಿತ್ತಿದ್ದುಕ್ಕೆ ಕೇಸ್ ಹಾಕ್ಬೋದು ಸಾರ್," ಎಂದ ಮಂಜಪ್ಪ.

ಸಾಮಾನಿನ ರಾಶಿಯಲ್ಲಿ ಕೋಲು ಇನ್ನೂ ನೆಲದ ಮೇಲಿತ್ತು. ಅವಳು ಅದನ್ನು ಎತ್ತಿಕೊಂಡಳು. "ಲೇ, ಇಡೇ ಅದ್ನ! ಸರ್ಕಾರಿ ಕೋಲು ಕಣೇ!" ಮಂಜಪ್ಪ ಕೂಗುತ್ತಲೇ ಇದ್ದ. ಅವಳು ತಿರುಗಿ ನೋಡದೆ ತೋಟಕ್ಕೆ ನಡೆದು, ಮೊದಲ ಮರದ ಬುಡದಲ್ಲಿ, ನಾಲ್ಕರ ಅಂಕಿಯ ಕಲ್ಲಿನ ಮೇಲೆ ಕೋಲೂರಿ ನಿಂತಳು. ಹಿಂದೆ ಹೆಂಗಸರು, ಒಂದೊಂದು ಮರಕ್ಕೂ ಇಬ್ಬಿಬ್ಬರು. ಊರ ಕಡೆಯಿಂದ ದೊಣ್ಣೆ ಹಿಡಿದವರ ಗುಂಪು ಬದುವಿನ ಮೇಲೆ ಬರುತ್ತಿತ್ತು. ಮುಂದೆ ಛತ್ರಿ.

ಕಾವಲಿನಲ್ಲಿ ದುರ್ಬೀನಿನ ಮೂರು ಕಾಲುಗಳನ್ನು ಮಡಚಿ ಜೀಪಿನ ಹಿಂದೆ ಹಾಕಿದರು. ಜೀಪು ಹೊರಟಿತು. ಕರಿಯಮ್ಮ ಬೆರಳು ಸಡಿಲ ಬಿಟ್ಟಳು. ಕೋಲು ಅತ್ತಿತ್ತ ತೂಗಿ, ತನ್ನ ಭಾರಕ್ಕೆ ತಾನೇ ನೆಟ್ಟಗೆ ನಿಂತಿತು.