ನಡುವೆ ತೆಗೆದುಕೊಂಡ ಉಸಿರು

ಬಂಗಾರಮ್ಮ ತೊಗರ್ಸಿಯ ಗಂಡನ ಮನೆಯ ಪಡಸಾಲೆಯಲ್ಲಿ ಅವರೆಕಾಯಿ ಬಿಡಿಸುತ್ತ ಕೂತಿದ್ದಳು. ತುಂಬಿದ ಹೊಟ್ಟೆಗೆ ಒರಗಿಸಿಕೊಂಡಿದ್ದ ಮೊರ ಇದ್ದಕ್ಕಿದ್ದಂತೆ ಟಪ್, ಟಪ್ ಎಂದು ತಾಳ ಹಾಕತೊಡಗಿತು.

"ಅತ್ತೀ, ಇಲ್ಲಿ ನೋಡ್ರೀ!"

ಅತ್ತೆ ಹುಲಿಗೆಮ್ಮ ಓಡಿಬಂದು ಹೊಟ್ಟೆಯ ಮೇಲೆ ಅಂಗೈ ಇಟ್ಟಳು. ಹಿಂದೆಯೇ ಪಕ್ಕದ ಮನೆಯ ಬಸಕ್ಕ. ಬಸುರಿಯರನ್ನು ನೋಡಲು ಶಿಕಾರಿಪುರದಿಂದ ಆಗಾಗ ಬರುವ ನರ್ಸು ಲೋಕಮ್ಮ ಅಂದು ಅಲ್ಲೇ ಇದ್ದದ್ದು ಒಳ್ಳೆಯದಾಯಿತು.

"ಹೆದರಬ್ಯಾಡ್ರಿ. ಕೂಸಿಗೆ ಬಿಕ್ಕಳಿಕಿ," ಎಂದು ಆಕೆ ನಕ್ಕಳು. "ಉಸಿರಾಡೋದು ಕಲೀತೈತಿ ಅಷ್ಟೇ."

"ಹೊಟ್ಯಾಗ ಗಾಳಿ ಎಲ್ಲಿಂದ ಬಂತ್ರೀ ನರ್ಸಮ್ಮ?" ಎಂದಳು ಬಸಕ್ಕ.

"ಗಾಳಿ ಇಲ್ಲ, ನೀರಾಗ ಕಲೀತೈತಿ. ಬಸುರಾದ ಹೊಸದ್ರಾಗ ಕೂಸಿನ ಅನ್ನನಾಳಕ್ಕ ಶ್ವಾಸಕೋಶದ ಒಂದು ಮೊಗ್ಗು ಹುಟ್ತೈತಿ. ಅದು ಎರಡಾಗಿ ಸೀಳತೈತಿ. ಬಲಕ್ಕ ಮೂರು ಟೊಂಗಿ, ಎಡಕ್ಕ ಎರಡು."

"ಎಡಕ್ಕ ಯಾಕ ಕಡಿಮಿ?"

"ಹೃದಯ ಕೂಡಾಕ ಜಾಗ ಬ್ಯಾಡೇನು? ಆಮ್ಯಾಲೆ ಟೊಂಗಿಗೆ ಟೊಂಗಿ ಒಡೆದು ಒಡೆದು, ತುದೀಗೆ ಅತ್ತಿಕಾಯಿ ಗೊಂಚಲಿನಂಗ ಸಣ್ಣ ಸಣ್ಣ ಗುಳ್ಳಿ. ತಲಿಕೆಳಗ ನಿಂತ ಮರ ಅನ್ರಿ. ಈಗ ಅದರ ತುಂಬ ನೀರು. ಎದೀ ಕೆಳಗಿನ ಪೊರಿ ಜಗ್ಗಿ, ಬಿಟ್ಟು, ಒಂದಿಷ್ಟು ಆಡಿ, ಸುಸ್ತಾಗಿ ನಿಂತು, ಮತ್ತ ಆಡಿ ಅಭ್ಯಾಸ ಮಾಡ್ತೈತಿ. ಹೊರಗ ಬಂದು ಅತ್ತಾಗ ನೀರು ಸರಿದು ಗಾಳಿ ತುಂಬತೈತಿ."

ಬಂಗಾರಮ್ಮ ಕೈಯಲ್ಲಿದ್ದ ಅವರೆಕಾಯಿ ಹಾಗೇ ಹಿಡಿದು ಕೇಳಿದಳು. ಅಪ್ಪ ಕಾವ್ಯ ಓದುವಾಗ ಕಂಬಕ್ಕೊರಗಿ ಕೇಳುತ್ತ ಬೆಳೆದವಳು. ಒಮ್ಮೆ ಕಿವಿಗೆ ಬಿದ್ದದ್ದು ಅವಳಲ್ಲಿ ಹಾಗೇ ಉಳಿಯುತ್ತಿತ್ತು. ತನ್ನೊಳಗೊಂದು ಮರ! ಊರ ದೇವರು ಮಲ್ಲಿಕಾರ್ಜುನನನ್ನು ನೆನೆದು ಕಣ್ಣು ಮುಚ್ಚಿದಳು.

"ಆ ಗುಳ್ಳಿ ಬಲಿಯೋದು ಕಡೀ ದಿನದಾಗ," ಎಂದು ಲೋಕಮ್ಮ ಚೀಲ ಹೆಗಲಿಗೇರಿಸಿದಳು. "ಅವಸರದ ಹೆರಿಗಿ ಆಗಬಾರದು. ತವರಿಗೆ ಹೋಗೋದಾದ್ರ ಈ ವಾರ ಹೋಗು. ಆಮ್ಯಾಲೆ ಬಸ್ಸಿನಾಗ ಕುಲುಕಾಡಾಕ ನಾ ಬಿಡಂಗಿಲ್ಲ."

ಚೊಚ್ಚಲು ಹೆರಿಗೆ ತವರಿನಲ್ಲಿ ಆಗಬೇಕು, ಅದಕ್ಕೆ ಅಪ್ಪ ಬಂದು ಕರೆದೊಯ್ಯಬೇಕು. ಕುಬಟೂರಿನಲ್ಲಿ ಅವ್ವನ ಕೈಯಲ್ಲಿ ಬಾಣಂತನ ಮಾಡಿಸಿಕೊಳ್ಳುವ ಆಸೆ ಬಂಗಾರಮ್ಮನಿಗೆ ಬೆಟ್ಟದಷ್ಟಿತ್ತು. ಆದರೆ ಅಪ್ಪ ಪುಟ್ಟಪ್ಪ ಈ ಊರಿಗೆ ಕಾಲಿಡುವುದಿಲ್ಲವೆಂದು ಹಟ ಹಿಡಿದಿದ್ದ.

ಆದದ್ದು ಇಷ್ಟೇ. ಕಳೆದ ಶ್ರಾವಣದಲ್ಲಿ ಪುಟ್ಟಪ್ಪ ತೊಗರ್ಸಿಯ ಗುಡಿಯಲ್ಲಿ ಕಾವ್ಯ ಓದಿದ್ದ. ಷಟ್ಪದಿಯ ಆರೂ ಸಾಲನ್ನು ಒಂದೇ ಉಸಿರಿಗೆ ಹೇಳುವವನೆಂದು ಸೊರಬದ ಕಡೆಯೆಲ್ಲ ಅವನಿಗೆ ಹೆಸರು. ಓದು ಮುಗಿದ ಮೇಲೆ ಅಳಿಯ ರಂಗಪ್ಪ ಅಭಿಮಾನದಿಂದಲೇ, ಎಲ್ಲರೆದುರು, "ಮಾವ ನಡುವ ಒಂದು ಉಸಿರು ತಗೊಂಡ್ರು, ಆದ್ರೂ ಚಲೋ ಇತ್ತು," ಅಂದುಬಿಟ್ಟ. ಪುಟ್ಟಪ್ಪ ಊಟಕ್ಕೂ ನಿಲ್ಲದೆ ಶಾಲು ಕೊಡವಿ ಹೊರಟವನು ಮತ್ತೆ ಬಂದಿರಲಿಲ್ಲ. ಸೀಮಂತಕ್ಕೂ ಹೆಂಡತಿ ಹುಚ್ಚಮ್ಮನೊಬ್ಬಳನ್ನೇ ಕಳಿಸಿದ್ದ.

ನರ್ಸು ಹೋದ ಮೇಲೂ ಬಿಕ್ಕಳಿಕೆ ನಡೆದೇ ಇತ್ತು.

"ಯಾರೋ ಕೂಸನ್ನ ನೆನಸಾಕತ್ಯಾರ," ಎಂದಳು ಬಸಕ್ಕ. "ಹೆಸರು ಕರಿಯೂಣು. ಯಾರ ಹೆಸರಿಗೆ ನಿಲ್ತೈತೋ ಅವ್ರೇ. ರಂಗಪ್ಪ!"

ಟಪ್.

"ಬೆಳಿಗ್ಗಿಂದ ಹೊಲದಾಗ ಅದಾನ, ಎತ್ತು ಬಿಟ್ರ ಬ್ಯಾರೆ ಏನು ನೆನಸ್ಯಾನು?" ಎಂದಳು ಹುಲಿಗೆಮ್ಮ.

"ಹುಚ್ಚಮ್ಮ!"

ಟಪ್. ಬಸಕ್ಕ ಸತ್ತವರನ್ನೂ ಬಿಡದೆ ಕರೆದಳು. ಹುಲಿಗೆಮ್ಮನ ಅಂಗೈ ಮಾತ್ರ ಹೊಟ್ಟೆ ಬಿಟ್ಟಿರಲಿಲ್ಲ. ಬಿಕ್ಕು ಬಿಕ್ಕಿನ ನಡುವಿನ ಬಿಡುವು ಬರಬರುತ್ತ ಹೆಚ್ಚುತ್ತಿತ್ತು. ಈಗ ಇನ್ನೇನು ನಿಂತೀತು. ಆಗ ಆಕೆ ಗಂಟಲು ಸರಿಮಾಡಿಕೊಂಡು ಕೂಗಿದಳು: "ಕುಬಟೂರು ಪುಟ್ಟಪ್ಪ!"

ಎಲ್ಲರೂ ಉಸಿರು ಬಿಗಿಹಿಡಿದರು. ಮೊರ ಅಲುಗಲಿಲ್ಲ.

"ಶಿವನೇ! ಅಜ್ಜನ ಹೆಸರಿಗೇ ನಿಂತು!" ಬಸಕ್ಕ ಕೆನ್ನೆಗೆ ಕೈಯಿಟ್ಟಳು. ಅತ್ತೆ ಸೊಸೆಯರ ಕಣ್ಣು ಕೂಡಿದವು. ಹೊಟ್ಟೆ ಬಂಗಾರಮ್ಮನದು, ಬಿಕ್ಕು ಹೇಗೆ ನಿಂತಿತೆಂದು ಅವಳಿಗೂ ಗೊತ್ತು. ತಲೆ ತಗ್ಗಿಸಿ ಅವರೆಕಾಯಿ ಬಿಡಿಸಿದಳು.

ಮರುದಿನ ಬಸಕ್ಕ ಆನವಟ್ಟಿಯ ಸಂತೆಗೆ ಹೋದವಳು, ಎಲೆಯ ಅಂಗಡಿಯ ಮುಂದೆ ಪುಟ್ಟಪ್ಪನನ್ನು ಹಿಡಿದು, ಸುದ್ದಿಗೆ ಒಂದಿಷ್ಟು ಒಗ್ಗರಣೆಯನ್ನೂ ಹಾಕಿ ಹೇಳಿದಳು.

ಅದರ ಮರುದಿನದ ಬಸ್ಸಿಗೇ ಪುಟ್ಟಪ್ಪ ಬಂದ. ಜಗುಲಿಯಲ್ಲಿ ರಂಗಪ್ಪ ಎದ್ದು ನಿಂತು, "ಬರ್ರಿ ಮಾವ," ಅಂದ. ಪುಟ್ಟಪ್ಪ ಕಂಬದ ಕಡೆ ನೋಡಿ, "ನಾನು ನಿಮ್ಮನ್ನ ನೋಡಾಕೆ ಬರ್ಲಿಲ್ಲ ಅಳಿಯಂದ್ರೇ. ಕರೆಸಿಕೊಂಡೋರು ಬ್ಯಾರೆ ಅದಾರೆ," ಎಂದು ಕೂತ.

ಕಾಲಿಗೆ ನೀರು ಕೊಟ್ಟು, ಕಾಫಿ ಕೊಟ್ಟದ್ದಾಯಿತು. ಕರೆಸಿಕೊಂಡವರು ಮಿಸುಕಲಿಲ್ಲ. ಪುಟ್ಟಪ್ಪ ಮತ್ತೆ ಮತ್ತೆ ಮಗಳ ಮೊಗ ನೋಡಿದ. ಊಟದ ಹೊತ್ತಿಗೆ ಬಂಗಾರಮ್ಮನ ಸೆರಗು ಟಪ್ ಎಂದು ಜಿಗಿಯಿತು.

"ಬಂತು!" ಎಂದಳು ಬಸಕ್ಕ. "ಅಣ್ಣಾ, ನಿನ್ನ ಹೆಸರು ಹೇಳು!"

"ಪುಟ್ಟಪ್ಪ," ಎಂದ ಪುಟ್ಟಪ್ಪ, ಗಂಭೀರವಾಗಿ.

ಟಪ್.

"ಪುಟ್ಟಪ್ಪ!"

ಟಪ್, ಟಪ್. ಹುಲಿಗೆಮ್ಮ ಪಾತ್ರೆ ತೊಳೆಯುವ ನೆಪದಲ್ಲಿ ಒಳಗೆ ಹೋದಳು. ಪುಟ್ಟಪ್ಪನ ಮುಖ ಕಪ್ಪಿಟ್ಟಿತು. ಶಾಲಿಗೆ ಕೈ ಹಾಕಿದ.

"ಅಪ್ಪಯ್ಯ, ಕೂತ್ಕೋ," ಎಂದಳು ಬಂಗಾರಮ್ಮ. ನರ್ಸಮ್ಮನಿಂದ ಕೇಳಿದ್ದನ್ನು, ಅಪ್ಪನದೇ ರಾಗದ ಏರಿಳಿತದಲ್ಲಿ, ಒಂದೂ ಬಿಡದೆ ಹೇಳಿದಳು: ಮೊಗ್ಗು, ಬಲಕ್ಕೆ ಮೂರು ಎಡಕ್ಕೆ ಎರಡು ಟೊಂಗೆ, ತುದಿಯ ಗುಳ್ಳೆ, ಒಳಗಿನ ನೀರು. "ಅದು ಯಾರನ್ನೂ ನೆನೆಸ್ತಿಲ್ಲ ಅಪ್ಪಯ್ಯ. ಉಸಿರಿನ ಅಭ್ಯಾಸ ಮಾಡ್ತೈತೆ. ನೀನು ನಸುಕಿಗೆ ಹೊಳೆ ದಂಡೇಲಿ ಮಾಡ್ತಿದ್ದಿ ನೋಡು, ಹಂಗೆ."

ಪುಟ್ಟಪ್ಪನ ಕೈ ಶಾಲಿನ ಮೇಲೇ ನಿಂತಿತು. "ನೀರೊಳಗೆ ಅಭ್ಯಾಸವಾ? ಗುರುವೂ ಇಲ್ದೆ?" ಹತ್ತಿರ ಸರಿದು ಕಿವಿಗೊಟ್ಟ. "ಈಗ ನಿಂತೋಯ್ತಲ್ಲ?"

"ಒಂದಿಷ್ಟು ಆಡಿ ನಿಲ್ತೈತಂತೆ. ಮತ್ತೆ ಆಡ್ತೈತಂತೆ."

ಬಾಗಿಲಲ್ಲಿದ್ದ ರಂಗಪ್ಪನ ಬಾಯಿ ಸುಮ್ಮನಿರಲಿಲ್ಲ. "ಹಂಗಾದ್ರ ಮಾವ, ನಮ್ಮ ಕೂಸೂ ನಡುನಡುವ ಉಸಿರು ತಗೊಳ್ಳೋ ಪೈಕಿನೇ."

ಒಳಗೆ ಪಾತ್ರೆಯ ಸದ್ದು ನಿಂತಿತು. ಬಸಕ್ಕ ನಾಲಗೆ ಕಚ್ಚಿಕೊಂಡಳು. ಪುಟ್ಟಪ್ಪ ಅಳಿಯನನ್ನು ದುರುಗುಟ್ಟಿ ನೋಡಿದ. ಆಮೇಲೆ ಅವನ ಭುಜ ಅಲುಗತೊಡಗಿತು, ಹೊಟ್ಟೆ ಅಲುಗಿತು, ನಗು ತಡೆಯಲಾಗದೆ ಕೆಮ್ಮು ಬಂತು.

"ನಮ್ಮ ಮನೆತನದ್ದೇ ಮಾರಾಯ, ಮತ್ತೇನು!" ಎಂದು ಕಣ್ಣೊರೆಸಿಕೊಂಡ. "ಏಳು ಮಗಳೇ. ಗಂಟು ಕಟ್ಟು. ಸಂಜೆ ಬಸ್ಸಿಗೆ ಹೋಗಾಣ. ಕಂಡಕ್ಟರಿಗೆ ನಾನು ಹೇಳ್ತೀನಿ, ನಿಧಾನ ಬಿಡ್ಲಿ."

ದಿನ ತುಂಬಿದ ಮೇಲೆ, ಒಂದು ಬೆಳಿಗ್ಗೆ, ಕುಬಟೂರಿನ ಮನೆಯ ಜಗುಲಿಯಲ್ಲಿ ಪುಟ್ಟಪ್ಪ ಕಣ್ಣು ಮುಚ್ಚಿ ಕೂತಿದ್ದ. ಒಳಗಿನಿಂದ ಅಳು ಎದ್ದಿತು. ಏರಿತು, ಇನ್ನೂ ಏರಿತು, ತುಸು ನಿಂತಿತು, ಮತ್ತೆ ಏರಿತು. ಅವನು ಎದ್ದು ಕೈ ಮುಗಿದ. ನೀರು ಸರಿದು ಗಾಳಿ ತುಂಬಿತ್ತು.

ಆನವಟ್ಟಿಗೆ ಹೊರಟಿದ್ದ ಪಕ್ಕದ ಮನೆಯ ರಾಮಪ್ಪನನ್ನು ಕೂಗಿ ನಿಲ್ಲಿಸಿದ. "ತೊಗರ್ಸಿ ಬಸ್ಸಿನೋರ ಕೈಲಿ ನಮ್ಮ ಅಳಿಯಂದ್ರಿಗೆ ಹೇಳಿಕಳ್ಸು ಮಾರಾಯ. ಹೆಣ್ಣು ಕೂಸು. ತಾಯಿ ಮಗು ಚೆನ್ನಾಗದಾರೆ. ನಡುವೆ ಒಂದು ಉಸಿರು ತಗೊಂಡ್ಲು, ಆದ್ರೂ ಚೆನ್ನಾಗಿತ್ತು ಅನ್ನು."