ಸೋಫಾದ ಮುಂದಿನ ಒಗ್ಗರಣೆ

ಬಿಸಿ ಸಾರಿನ ಪಾತ್ರೆ ಜಾರಿ ಧಾರಿಣಿಯ ಪಾದದ ಮೇಲೆ ಮಗುಚಿಕೊಂಡ ದಿನ ಅವಳ ಗಂಡ ಯಶವಂತ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಮಾತು ಕೊಟ್ಟಿದ್ದ. "ಮೊದಲು ಅಡಿಗೆಮನೆ ರಿಪೇರಿ. ಬೇರೆ ಏನೇ ಇದ್ರೂ ಆಮೇಲೆ."

ದೆಹಲಿ ಪಕ್ಕದ ಇಂದಿರಾಪುರಂನ ಆ ಫ್ಲ್ಯಾಟನ್ನು ಅವರು ಹಳೆಯ ಮಾಲೀಕರಿಂದ ಕೊಂಡಿದ್ದರು. ಉಳಿದ ಕೋಣೆಗಳಲ್ಲಿ ಹೇಗೋ ದಿನ ದೂಡಬಹುದಿತ್ತು, ಅಡುಗೆಮನೆಯಲ್ಲಿ ಆಗುತ್ತಿರಲಿಲ್ಲ. ಒಲೆಯಿಟ್ಟ ಕಟ್ಟೆ ಒಂದು ಕಡೆಗೆ ಕುಸಿದು ವಾಲಿತ್ತು. ಮೇಲಿನ ಮನೆಯ ನೀರು ಜಿನುಗಿ ಜಿನುಗಿ ತಾರಸಿಯ ಗಾರೆ ಉದುರುತ್ತಿತ್ತು. ದೋಸೆ ಹಿಟ್ಟಿನ ಪಾತ್ರೆಗೆ ಮುಚ್ಚಳ ಹಾಕಿ ಅದರ ಮೇಲೊಂದು ತಟ್ಟೆ ಕವುಚಬೇಕಿತ್ತು. ಸಿಂಕಿನ ಕೆಳಗೆ ಸದಾ ಒಂದು ಬಕೆಟ್ಟು. ಎಕ್ಸಾಸ್ಟ್ ಫ್ಯಾನ್ ಇದ್ದ ತೂತಿಗೆ ರಟ್ಟು ಕಟ್ಟಿದ್ದರೂ ಪಾರಿವಾಳಗಳು ಅದನ್ನು ಕುಕ್ಕಿ ಒಳಗೆ ಬಂದು ಅಕ್ಕಿ ಡಬ್ಬದ ಮೇಲೆ ಹಿಕ್ಕೆ ಹಾಕಿ ಹೋಗುತ್ತಿದ್ದವು.

ಯಶವಂತ ನೋಯ್ಡಾದ ಕಂಪನಿಯೊಂದರಲ್ಲಿ ಮ್ಯಾನೇಜರ್. ಸಂಬಳದಲ್ಲಿ ಮನೆ ಸಾಲದ ಕಂತು ಮತ್ತು ಮಗಳು ಅದಿತಿಯ ಶಾಲೆಯ ಫೀಸು ಹೋದ ಮೇಲೆ ಉಳಿಯುತ್ತಿದ್ದುದು ಮನೆಖರ್ಚಿನ ದುಡ್ಡು ಮಾತ್ರ. ಉಳಿಸುವುದಾದರೆ ಅದರಲ್ಲೇ, ಅಂದರೆ ತಟ್ಟೆಯಲ್ಲೇ ಉಳಿಸಬೇಕು. ಧಾರಿಣಿ ಅದಕ್ಕೂ ಸೈ ಅಂದಳು. ಪಾದದ ಸುಟ್ಟಗಾಯ ಮಾಯುವ ಮೊದಲೇ ಹೊರಗಿನಿಂದ ಊಟ ತರಿಸುವುದನ್ನು ನಿಲ್ಲಿಸಿದಳು. ಪಾತ್ರೆ ತೊಳೆಯುವವಳನ್ನು ಬಿಡಿಸಿದಳು. ತರಕಾರಿಗೆ ವಾರದ ಬಜಾರಿಗೆ ಹೋಗಿ, ಅಂಗಡಿ ಎತ್ತುವ ಹೊತ್ತಿಗೆ ಕಾದು ನಿಂತು, "ಭಯ್ಯಾ, ಉಳಿದದ್ದೆಲ್ಲ ಸೇರಿಸಿ ಹೇಳಿ" ಎಂದು ಚೌಕಾಸಿ ಮಾಡಲು ಕಲಿತಳು.

ದಾವಣಗೆರೆಯ ಅವಳ ತವರಲ್ಲಿ ತೆಂಗಿನಕಾಯಿ ತುರಿಯದ ದಿನವೇ ಇರಲಿಲ್ಲ. ಇಲ್ಲಿ ಕಾಯಿಯ ಬೆಲೆ ಕೇಳಿ, ಕೈಗೆತ್ತಿಕೊಂಡದ್ದನ್ನು ಕೆಳಗಿಟ್ಟು ಬರುತ್ತಿದ್ದಳು. ಹುಳಿ ಗಟ್ಟಿಯಾಗಲು ಹುರಿಗಡಲೆ ಅರೆದು ಹಾಕಿದಳು. ತೊಗರಿಬೇಳೆಗೆ ಅರ್ಧದಷ್ಟು ಮಸೂರ ಬೆರೆಸಿದಳು. ಚಳಿಗಾಲದಲ್ಲಿ ಮೂಲಂಗಿ ತಂದರೆ ಗೆಡ್ಡೆಗೆ ಒಂದು ಹೊತ್ತು, ಸೊಪ್ಪಿಗೆ ಒಂದು ಹೊತ್ತು. ಹೂಕೋಸಿನ ದಂಟು ಸಾಂಬಾರಿಗೆ, ಸೋರೆಕಾಯಿ ಸಿಪ್ಪೆ ಚಟ್ನಿಗೆ. ಬೇಸಿಗೆಯಲ್ಲಿ ಕಲ್ಲಂಗಡಿಯ ಕೆಂಪು ತಿರುಳು ತಿಂದ ಮೇಲೆ ಒಳಗಿನ ಬಿಳಿ ಭಾಗವನ್ನು ಅಕ್ಕಿಯ ಜೊತೆ ರುಬ್ಬಿ ದೋಸೆ ಹುಯ್ದಳು. ಗ್ಯಾಸು ಉಳಿಯಲೆಂದು ಅನ್ನ, ಬೇಳೆ, ತರಕಾರಿ ಮೂರನ್ನೂ ಒಂದೇ ಕುಕ್ಕರಿನಲ್ಲಿ ಒಂದರ ಮೇಲೊಂದು ಇಟ್ಟು ಬೇಯಿಸಿದಳು.

"ಅಮ್ಮಾ, ಫಿರ್ ಸೇ ಲೌಕಿ?" ಎಂದು ಅದಿತಿ ತಟ್ಟೆಯಲ್ಲಿ ಮತ್ತೆ ಸೋರೆಕಾಯಿ ಕಂಡು ಮುಖ ಸಿಂಡರಿಸುತ್ತಿದ್ದಳು.

"ಹೊಸ ಅಡಿಗೆಮನೆ ಆಗ್ಲಿ ಪುಟ್ಟಾ. ಆಮೇಲೆ ನೀನು ಕೇಳಿದ್ದೆಲ್ಲ ಮಾಡ್ಕೊಡ್ತೀನಿ."

ತಿಂಗಳ ಕೊನೆಗೆ ಮಿಕ್ಕಿದ್ದು ಇಬ್ಬರ ಹೆಸರಿನ ಖಾತೆಗೆ ಹೋಗುತ್ತಿತ್ತು. ಎರಡು ವರ್ಷ ಹೀಗೆ ನಡೆಯಿತು. ಅಗ್ಗದ ಬಟ್ಟೆಗೆ ಹೆಸರಾದ ಸರೋಜಿನಿ ನಗರಕ್ಕೆ ಹೋದರೂ ಅವಳು ಮಗಳಿಗೆ ಬಟ್ಟೆ ಕೊಡಿಸಿ ತನಗೇನೂ ಕೊಳ್ಳದೆ ಮೆಟ್ರೊ ಹತ್ತಿ ಬಂದುಬಿಡುತ್ತಿದ್ದಳು. ಅವಳಿಗೆ ಅದು ಕಷ್ಟ ಅನ್ನಿಸುತ್ತಿರಲಿಲ್ಲ. ರಾತ್ರಿ ಮಲಗಿದಾಗ ಕಣ್ಣಮುಂದೆ ಸಮನಾದ ಒಂದು ಕಟ್ಟೆ ಬರುತ್ತಿತ್ತು. ಅದರ ಮೇಲೆ ಇಟ್ಟ ಪಾತ್ರೆ ಇಟ್ಟಲ್ಲೇ ನಿಂತಿರುತ್ತಿತ್ತು.

ಬೇಸಿಗೆ ರಜೆ ಬಂದಾಗ ಯಶವಂತನೇ ಹೇಳಿದ: "ನೀನೂ ಅದಿತಿನೂ ದಾವಣಗೆರೆಗೆ ಹೋಗಿ ಬನ್ನಿ. ಇಲ್ಲಿ ಒಡೆಯೋದು ಬಡಿಯೋದು, ಧೂಳು. ನೀವು ಬರೋ ಹೊತ್ತಿಗೆ ಎಲ್ಲ ರೆಡಿ ಮಾಡಿಸಿರ್ತೀನಿ."

ತವರಲ್ಲಿ ಅವಳು ಅಮ್ಮನಿಗೆ, ತಂಗಿ ಲಾವಣ್ಯಾಳಿಗೆ ಬರೀ ಅದನ್ನೇ ಹೇಳಿದಳು. ಕಟ್ಟೆಗೆ ಯಾವ ಬಣ್ಣದ ಕಲ್ಲು ಹಾಕಿಸುತ್ತಿದ್ದೀರಿ ಎಂದು ಫೋನಿನಲ್ಲಿ ಕೇಳಿದರೆ ಯಶವಂತ, "ಸರ್‌ಪ್ರೈಸ್, ಬಂದು ನೋಡು" ಎಂದು ನಗುತ್ತಿದ್ದ.

ಜೂನ್ ಮಧ್ಯದಲ್ಲಿ ವಾಪಸು ಬಂದಳು. ಬಾಗಿಲು ತೆರೆದಾಗ ಯಾರದೋ ಮನೆಗೆ ಬಂದಂತಾಯಿತು. ಹಾಲ್‌ಗೆ ಫಾಲ್ಸ್ ಸೀಲಿಂಗ್, ಅದರೊಳಗಿಂದ ಹಳದಿ ಬೆಳಕು. ಒಂದು ಗೋಡೆಗೆ ಮರದ ಪಟ್ಟಿಗಳು, ಅದರ ಮೇಲೆ ದೊಡ್ಡ ಟಿವಿ. ಕೆನೆಬಣ್ಣದ ಎಲ್ ಆಕಾರದ ಸೋಫಾ. ಅದರ ಮುಂದೆ ಗಾಜಿನ ಟೀಪಾಯಿ.

"ವಾವ್ ಪಪ್ಪಾ!" ಎಂದು ಅದಿತಿ ಸೋಫಾದ ಮೇಲೆ ಹಾರಿದಳು.

ಧಾರಿಣಿ ನೆಟ್ಟಗೆ ಅಡುಗೆಮನೆಗೆ ನಡೆದಳು. ಅಲ್ಲಿ ಹಿಂದೆಂದೂ ಇರದ ಬಾಗಿಲೊಂದು ಬಂದಿತ್ತು. ಪಕ್ಕಕ್ಕೆ ಸರಿಯುವ, ನುಣುಪಾದ, ಹಾಲ್‌ನ ಗೋಡೆಯದೇ ಬಣ್ಣದ ಬಾಗಿಲು. ಸರಿಸಿದಳು. ಒಳಗೆ ಅದೇ ವಾಲಿದ ಕಟ್ಟೆ. ಅದೇ ಬಕೆಟ್ಟು. ರಟ್ಟಿನ ಹಿಂದೆ ಪಾರಿವಾಳ ಗುಟುರ್ ಗುಟುರ್ ಎನ್ನುತ್ತಿತ್ತು.

"ಇಲ್ಲೇನೂ ಮಾಡ್ಸಿಲ್ವಲ್ರೀ?"

"ಬಾಗಿಲು ಹಾಕ್ಸಿದೀನಲ್ಲ. ಮುಚ್ಚಿದ್ರೆ ಒಳಗಡೆದು ಯಾರಿಗೂ ಕಾಣ್ಸಲ್ಲ." ಅವನು ಅವಳ ಹಿಂದೆಯೇ ಬಂದು ನಿಂತಿದ್ದ. "ನೋಡು ಧಾರಿಣಿ, ಈ ವರ್ಷ ಪ್ರಮೋಷನ್ ನಡೀತಿದೆ. ಡೈರೆಕ್ಟರನ್ನ ನಮ್ಮನೆಗೆ ಕರೀಬೇಕು. ಬಂದೋರು ನೋಡೋದು ಹಾಲನ್ನ, ಅಡಿಗೆಮನೆನಲ್ಲ. ಮುಂದಿನ ವರ್ಷ ಪಕ್ಕಾ ಇದನ್ನ ಮಾಡ್ಸೋಣ. ಅಲ್ಲೀವರೆಗೂ ನೀನು ಹೇಗೋ ನಿಭಾಯಿಸ್ತೀಯ, ನಂಗೊತ್ತು."

"ಖಾತೇಲಿ ಎಷ್ಟು ಉಳ್ದಿದೆ?"

ಅವನು ಅದಿತಿಗೆ ಟಿವಿ ಹಚ್ಚಿಕೊಡಲು ಹೋದ.

ಧಾರಿಣಿ ಕೂಗಾಡಲಿಲ್ಲ. ಕೂಗಾಡಿದರೆ ಅವನು ಸ್ವಲ್ಪ ಹೊತ್ತು ತಲೆ ತಗ್ಗಿಸಿ ಕೂತು, ಆಮೇಲೆ ಹೊರಗೆ ಕರೆದುಕೊಂಡು ಹೋಗಿ ಐಸ್‌ಕ್ರೀಮ್ ಕೊಡಿಸಿ ಮುಗಿಸುತ್ತಾನೆಂದು ಗೊತ್ತಿತ್ತು. ಅಷ್ಟು ಅಗ್ಗಕ್ಕೆ ಬಿಡಲು ಅವಳಿಗೆ ಮನಸ್ಸಿರಲಿಲ್ಲ. ಆ ಸಂಜೆ ಸೋರೆಕಾಯಿ ಹೆಚ್ಚುತ್ತಾ, ಎರಡು ವರ್ಷ ತಾನು ಮಗಳ ಬಾಯಿ ಕಟ್ಟಿಸಿದ್ದು ಯಾರೋ ಬಂದು ಕೂರುವ ಸೋಫಾಕ್ಕಾಗಿ ಎಂದು ಯೋಚಿಸಿದಳು. ಆ ಸಿಟ್ಟು ರಾತ್ರಿಯಾದರೂ ಇಳಿಯಲಿಲ್ಲ. ಬೆಳಿಗ್ಗೆ ಎದ್ದಾಗಲೂ ಇತ್ತು. ಇರಲಿ ಎಂದುಕೊಂಡಳು.

ಮುಂದಿನ ವಾರ ಯಶವಂತ ಉತ್ಸಾಹದಿಂದ ಬಂದ. "ಶನಿವಾರ ನಮ್ಮ ಡೈರೆಕ್ಟರ್ ಅಭಿಷೇಕ್ ಮಾಥುರ್ ಸರ್ ಬರ್ತಿದಾರೆ, ಹೆಂಡ್ತಿ ಜೊತೆ. ನಮ್ಮ ಟೀಮಿನ ವರುಣ್‌ನೂ ಇರ್ತಾನೆ. ಬಿಸಿಬೇಳೆ ಬಾತು, ಪನೀರು, ಏನಾದ್ರೂ ಸ್ವೀಟು. ಗ್ರ್ಯಾಂಡಾಗಿರ್ಲಿ."

"ಆಯ್ತು. ಎಲ್ಲ ಬಿಸಿಬಿಸಿಯಾಗೇ ಬಡಿಸ್ತೀನಿ," ಎಂದಳು ಧಾರಿಣಿ.

ಶನಿವಾರ ಸಂಜೆ ಅವನು ಅತಿಥಿಗಳನ್ನು ಕರೆತರಲು ಅಪಾರ್ಟ್‌ಮೆಂಟ್ ಸೊಸೈಟಿಯ ಗೇಟಿಗೆ ಇಳಿದ. ಧಾರಿಣಿ ಅಟ್ಟದಲ್ಲಿದ್ದ ಇಂಡಕ್ಷನ್ ಒಲೆಯನ್ನು ಬೆಳಿಗ್ಗೆಯೇ ಒರೆಸಿಟ್ಟಿದ್ದಳು. ಅದನ್ನು ತಂದು ಗಾಜಿನ ಟೀಪಾಯಿಯ ಮೇಲಿಟ್ಟು, ಹೊಸ ಟಿವಿಯ ಪ್ಲಗ್ ಕಿತ್ತು ಆ ಜಾಗಕ್ಕೆ ಒಲೆಯದನ್ನು ಚುಚ್ಚಿದಳು. ಚಪ್ಪಟೆ ತಳದ ಕಬ್ಬಿಣದ ಬಾಣಲೆ ಇಟ್ಟು ಎಣ್ಣೆ ಹೊಯ್ದಳು. ಹಸಿಮೆಣಸಿನಕಾಯಿ, ಕಲಸಿದ ಕಡಲೆಹಿಟ್ಟು, ದೋಸೆ ಹಿಟ್ಟು ಎಲ್ಲವನ್ನೂ ಸೋಫಾದ ಮೇಲೆ ಸಾಲಾಗಿ ಇಟ್ಟುಕೊಂಡಳು. ಎಸಿಗಾಗಿ ಕಿಟಕಿಗಳೆಲ್ಲ ಮುಚ್ಚಿದ್ದವು. ಅವಳು ತೆರೆಯಲಿಲ್ಲ.

"ಅಮ್ಮಾ, ಪಪ್ಪಾ ಗುಸ್ಸಾ ಕರೇಂಗೆ," ಎಂದಳು ಅದಿತಿ ಮೆಲ್ಲಗೆ.

"ಸಿಟ್ಟು ಮಾಡ್ಕೊಳ್ಳಲಿ. ನೀನು ಬೇಕಾದ್ರೆ ರೂಮಿಗೆ ಹೋಗು."

ಅದಿತಿ ಹೋಗಲಿಲ್ಲ. ಬಾಗಿಲ ಸಂದಿಯಲ್ಲಿ ನಿಂತು ನೋಡಿದಳು.

ಯಶವಂತ ನಗುತ್ತಾ ಬಾಗಿಲು ತೆರೆದಾಗ ದಾವಣಗೆರೆಯ ಮೆಣಸಿನಕಾಯಿ ಬಜ್ಜಿ ಚುಂಯ್‌ಗುಟ್ಟುತ್ತಿತ್ತು. ಅದೇ ಹೊತ್ತಿಗೆ ಧಾರಿಣಿ ಆ ಕಾದ ಎಣ್ಣೆಯನ್ನೇ ಒಂದು ಸೌಟು ಪುಟ್ಟ ಬಾಣಲೆಗೆ ಬಗ್ಗಿಸಿ ಅದಕ್ಕೆ ಸಾಸಿವೆ, ಇಂಗು, ಒಂದು ಹಿಡಿ ಒಣಮೆಣಸಿನಕಾಯಿ ಸುರಿದಳು. ಸಾಸಿವೆ ಸಿಡಿದು ಮರದ ಪಟ್ಟಿಗಳಿಗೆ ಬಡಿಯಿತು. ಘಾಟು ಎದ್ದು ಹಳದಿ ಬೆಳಕನ್ನು ಸುತ್ತಿಕೊಂಡಿತು. ಮಾಥುರ್ ಕೆಮ್ಮಿದರು. ಅವರ ಹೆಂಡತಿ ಸೆರಗನ್ನು ಮೂಗಿಗೆ ಒತ್ತಿಕೊಂಡರು. ವರುಣ್ ಓಡಿ ಹೋಗಿ ಕಿಟಕಿ ತೆಗೆದ.

"ಏನಿದು ಧಾರಿಣಿ?" ಯಶವಂತ ಹಲ್ಲು ಕಚ್ಚಿ ಕನ್ನಡದಲ್ಲಿ ಕೇಳಿದ.

ಧಾರಿಣಿ ಅತಿಥಿಗಳಿಗೆ ಕೈಮುಗಿದು ಹಿಂದಿಯಲ್ಲೇ ಹೇಳಿದಳು: "ಬನ್ನಿ, ಕೂತ್ಕೊಳ್ಳಿ. ಹೊಗೆಗೆ ಬೇಜಾರು ಮಾಡ್ಕೋಬೇಡಿ."

ಸೋಫಾದ ಅರ್ಧ ಪಾತ್ರೆಗಳಿಂದ ತುಂಬಿತ್ತು. ಅವರು ಉಳಿದರ್ಧದಲ್ಲಿ ಒತ್ತಿಕೊಂಡು ಕೂತರು. ಮಾಥುರ್ ಅವರ ಹೆಂಡತಿ ಕಣ್ಣೊರೆಸಿಕೊಂಡು, "ಅಡಿಗೆಮನೆಯಲ್ಲಿ ಏನಾದರೂ ತೊಂದರೆಯಾ?" ಎಂದು ಕೇಳಿದರು.

ಧಾರಿಣಿ ಈ ಪ್ರಶ್ನೆಗೇ ಕಾದಿದ್ದಳು. "ಬನ್ನಿ ದೀದಿ, ತೋರಿಸ್ತೀನಿ."

ಯಶವಂತ ಅಡ್ಡ ಬಂದ. ಅವಳು ಅವನನ್ನು ಬಳಸಿಕೊಂಡು ಹೋಗಿ ನುಣುಪಾದ ಬಾಗಿಲನ್ನು ಪೂರ್ತಿ ಸರಿಸಿದಳು. ಲೈಟು ಹಾಕಿದಳು. ಆ ಹೆಂಗಸು ಬಕೆಟ್ಟನ್ನು ನೋಡಿದರು, ಉದುರಿದ ಗಾರೆಯನ್ನು ನೋಡಿದರು. ಧಾರಿಣಿ ಖಾಲಿ ಲೋಟವೊಂದನ್ನು ಅಡ್ಡ ಮಲಗಿಸಿ ಕಟ್ಟೆಯ ಮೇಲಿಟ್ಟಳು. ಅದು ಉರುಳಿಕೊಂಡು ಹೋಗಿ ಠಣ್ಣೆಂದು ನೆಲಕ್ಕೆ ಬಿತ್ತು. ಆಮೇಲೆ ಸೀರೆಯ ಅಂಚನ್ನು ಒಂದಿಷ್ಟು ಎತ್ತಿ ಪಾದದ ಕಲೆ ತೋರಿಸಿದಳು.

"ಇದನ್ನ ರಿಪೇರಿ ಮಾಡಿಸೋಕೆ ಅಂತ ಎರಡು ವರ್ಷ ನಾವು ಸಿಪ್ಪೆ, ದಂಟು ತಿಂದು ದುಡ್ಡು ಉಳಿಸಿದ್ವಿ ದೀದಿ," ಎಂದಳು. ಹಾಲ್‌ನಲ್ಲಿ ಕೂತವರಿಗೂ ಕೇಳುವಷ್ಟು ದೊಡ್ಡದಾಗಿಯೇ ಹೇಳಿದಳು. "ಆ ದುಡ್ಡಿನ ಮೇಲೇ ನೀವೆಲ್ಲ ಈಗ ಕೂತಿರೋದು."

ಮಾಥುರ್ ತಮಗೇ ಗೊತ್ತಿಲ್ಲದಂತೆ ಸೋಫಾದ ತುದಿಗೆ ಸರಿದರು.

ಅವಳು ಬಡಿಸಿದ್ದು ಬಿಸಿಬೇಳೆ ಬಾತಲ್ಲ, ಪನೀರೂ ಅಲ್ಲ. ಬಜ್ಜಿಯ ಜೊತೆಗೆ ಕಲ್ಲಂಗಡಿ ಬಿಳಿಯ ದೋಸೆ, ಸೋರೆಕಾಯಿ ಸಿಪ್ಪೆಯ ಚಟ್ನಿ, ಹುರುಳಿ ಸಾರು. ಬಂದವರ ಮೇಲೆ ಅವಳಿಗೆ ಸಿಟ್ಟಿರಲಿಲ್ಲವಾದ್ದರಿಂದ ಅಡುಗೆ ಚೆನ್ನಾಗಿಯೇ ಇತ್ತು. ಪ್ರತಿ ದೋಸೆಯನ್ನು ತಟ್ಟೆಗೆ ಹಾಕುವಾಗಲೂ ಅದು ಯಾವುದರ ಸಿಪ್ಪೆ, ಬಜಾರಿನಲ್ಲಿ ಯಾವ ಹೊತ್ತಿಗೆ ಅಗ್ಗವಾಗಿ ಸಿಗುತ್ತದೆ ಎಂದು ವಿವರಿಸಿದಳು. ಮಾಥುರ್ ದಂಪತಿ ಇನ್ನೆರಡು ದೋಸೆ ಹಾಕಿಸಿಕೊಂಡು ತಿಂದರು. ಯಶವಂತನ ದೋಸೆ ತಟ್ಟೆಯಲ್ಲೇ ತಣ್ಣಗಾಯಿತು. ಅವನ ಕಿವಿಗಳು ಕೆಂಪಾಗಿದ್ದುದನ್ನು ಧಾರಿಣಿ ಒಲೆಯಾಚೆಯಿಂದ ಮತ್ತೆ ಮತ್ತೆ ನೋಡಿದಳು. ಹಸಿದವಳಿಗೆ ಊಟ ಸಿಕ್ಕಂತಾಯಿತು.

ಹೊರಡುವಾಗ ಮಾಥುರ್ ಯಶವಂತನ ಭುಜ ತಟ್ಟಿ, "ಪಹಲೇ ಕಿಚನ್ ಠೀಕ್ ಕರವಾಓ ಯಾರ್," ಮೊದಲು ಅಡುಗೆಮನೆ ಸರಿ ಮಾಡಿಸಪ್ಪಾ, ಎಂದರು. ತಮಾಷೆಯ ದನಿ ಇತ್ತು, ಆದರೆ ನಗುವಿರಲಿಲ್ಲ.

ಲಿಫ್ಟಿನ ಬಾಗಿಲು ಮುಚ್ಚಿದ್ದೇ ತಡ ಅವನು ಸಿಡಿದ. "ನನ್ನ ಮರ್ಯಾದೆ ಮೂರು ಕಾಸಿಗೆ ಹರಾಜು ಹಾಕ್ದೆಯಲ್ಲ! ಸೋಮವಾರ ಆಫೀಸಿಗೆ ಹೆಂಗೆ ಮುಖ ತೋರಿಸ್ಲಿ?"

"ಮುಖಕ್ಕೂ ಒಂದು ಬಾಗಿಲು ಹಾಕಿಸ್ಕೊಳ್ಳಿ. ಮುಚ್ಚಿದ್ರೆ ಯಾರಿಗೂ ಕಾಣ್ಸಲ್ಲ."

"ನಾಳೆ ಇದನ್ನೆಲ್ಲ ಒಳಗಿಡು."

"ಇಡಲ್ಲ. ದುಡ್ಡು ಎಲ್ಲಿ ಹಾಕಿದೀರೋ ಅಡಿಗೆ ಅಲ್ಲೇ."

ಹೇಳಿದಂತೆಯೇ ನಡೆದಳು. ಬೆಳಿಗ್ಗೆ ಉಪ್ಪಿಟ್ಟಿನ ಒಗ್ಗರಣೆ, ಮಧ್ಯಾಹ್ನ ಸಾರು, ರಾತ್ರಿ ಚಪಾತಿ, ಎಲ್ಲವೂ ಸೋಫಾದ ಮುಂದೆಯೇ. ಮರದ ಪಟ್ಟಿಗಳ ಸಂದಿಯಲ್ಲಿ ಸಾಸಿವೆ ಕೂತಿತು. ಕೆನೆಬಣ್ಣದ ಬಟ್ಟೆಗೆ ಅರಿಸಿನ ಹತ್ತಿತು. ಯಶವಂತ ಶಾಂಪೂ ಹಾಕಿ ಉಜ್ಜಿದಷ್ಟೂ ಆ ಕಲೆ ಹರಡಿತು. ಒಂದು ಭಾನುವಾರ ಅವನು ಹಟಕ್ಕೆ ಬಿದ್ದು ಹಳೆ ಅಡುಗೆಮನೆಯಲ್ಲಿ ತಾನೇ ಚಹಾ ಮಾಡಲು ಹೋದ. ಪಾತ್ರೆ ಜಾರಿತು, ಅವನು ಹಿಂದಕ್ಕೆ ಹಾರಿದ್ದರಿಂದ ಕಾಲು ಉಳಿಯಿತು. ಹಾಲು, ಸಕ್ಕರೆ, ಚಹಾಪುಡಿ ನೆಲದ ತುಂಬ. ಧಾರಿಣಿ ಬಾಗಿಲಲ್ಲಿ ನಿಂತು ನೋಡಿ, ಬಟ್ಟೆ ಎಲ್ಲಿದೆ ಎಂದಷ್ಟೇ ಹೇಳಿ ಹೋದಳು.

ಮಳೆಗಾಲ ಮುಗಿಯುವ ಹೊತ್ತಿಗೆ ಅವನು ಸೋತ. ಪ್ರಮೋಷನ್ ಪಟ್ಟಿಯಲ್ಲಿ ಅವನ ಹೆಸರು ಬಂದಿರಲಿಲ್ಲ. ಅದು ಆ ಶನಿವಾರದಿಂದಲೇ ಆಯಿತೋ ಬೇರೆ ಕಾರಣಕ್ಕೋ ಯಾರಿಗೂ ಗೊತ್ತಿಲ್ಲ. ಯಶವಂತ ಅವಳನ್ನೇ ದೂರಿದ. ಅವಳು ಇಲ್ಲ ಅನ್ನಲಿಲ್ಲ.

"ಏನು ಮಾಡ್ಬೇಕು ಹೇಳು," ಎಂದ ಕೊನೆಗೆ.

"ಟಿವಿ, ಸೋಫಾ, ಟೀಪಾಯಿ ಮಾರಿ."

"ಅರ್ಧಕ್ಕರ್ಧ ಲಾಸು ಆಗುತ್ತೆ ಕಣೇ!"

"ಆಗ್ಲಿ."

ಸೊಸೈಟಿಯ ವಾಟ್ಸಾಪ್ ಗುಂಪಿಗೆ ಮೂರರ ಫೋಟೊನೂ ಹಾಕಿದ್ದು ಅವಳೇ. ಸೋಫಾದ ಅರಿಸಿನದ ಕಲೆಯನ್ನು ಹತ್ತಿರದಿಂದ ತೆಗೆದು, ಅದನ್ನೂ ಸೇರಿಸಿದಳು. ಗುಂಪಿನ ಯಾರದೋ ಪರಿಚಯದ, ನೋಯ್ಡಾದಿಂದ ಬಂದ ಹೊಸ ಜೋಡಿಯೊಂದು ಚೌಕಾಸಿ ಮಾಡಿ ಮೂರನ್ನೂ ಕೊಂಡೊಯ್ದಿತು. ಟೆಂಪೊಗೆ ಹತ್ತಿಸುವಾಗ ಯಶವಂತ ಬಾಲ್ಕನಿಗೂ ಬರಲಿಲ್ಲ. ಧಾರಿಣಿ ಕೆಳಗಿಳಿದು ಹಗ್ಗ ಬಿಗಿಯಾಗಿದೆಯಾ ಎಂದು ಎಳೆದು ನೋಡಿ ಬಂದಳು. ಕಡಿಮೆ ಬಿದ್ದ ದುಡ್ಡಿಗೆ ಅವನು ದೀಪಾವಳಿ ಬೋನಸ್ ಸೇರಿಸಿದ.

ನವೆಂಬರಿನಲ್ಲಿ ಕೆಲಸ ಶುರುವಾಯಿತು. ಮೇಸ್ತ್ರಿ ಹನುಮಂತ ಕಲಬುರಗಿ ಕಡೆಯವನು. "ಕಟ್ಟಿ ಎಷ್ಟ್ ಎತ್ತರ ಇರ್ಲಿ ಅಕ್ಕೋರ?" ಎಂದು ಕೇಳಿದ.

"ಎಲ್ಲರ ಮನೇಲಿ ಇರೋ ಅಷ್ಟು," ಎಂದ ಯಶವಂತ.

ಧಾರಿಣಿ ಕುಳ್ಳಗಿನ ಹೆಂಗಸು. ಗೋಡೆಗೆ ಒತ್ತಿ ನಿಂತು ಮೊಣಕೈ ಮಡಿಸಿ, ಅದಕ್ಕಿಂತ ಗೇಣು ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆದಳು. "ಇಲ್ಲಿಗೆ. ಸಿಂಕೂ ಇದೇ ಎತ್ತರ."

ಈಗ ಅಡುಗೆ ಅಲ್ಲಿಯೇ ಆಗುತ್ತದೆ. ಅದಿತಿ ಕೇಳಿದ ದಿನ ಪೂರಿ, ಕೇಳಿದ ದಿನ ನೂಡಲ್ಸ್. ಪಾತ್ರೆ ತೊಳೆಯುವವಳನ್ನು ಧಾರಿಣಿ ಮತ್ತೆ ಇಟ್ಟುಕೊಂಡಿಲ್ಲ. ರಾತ್ರಿ ಊಟವಾದ ಮೇಲೆ ಅದು ಯಶವಂತನ ಕೆಲಸ. ಆರಡಿ ಎತ್ತರದ ಅವನು ಸಿಂಕಿನ ಮುಂದೆ ಸೊಂಟ ಬಗ್ಗಿಸಿ ನಿಂತು, ಮಧ್ಯೆ ಮಧ್ಯೆ ಬೆನ್ನಿಗೆ ಕೈ ಕೊಟ್ಟು ನೆಟ್ಟಗಾಗಿ, ಮತ್ತೆ ಬಗ್ಗುತ್ತಾನೆ. ಧಾರಿಣಿ ಖಾಲಿ ಹಾಲ್‌ನಲ್ಲಿ ಚಾಪೆ ಹಾಸಿಕೊಂಡು ಮಗಳ ಹೋಂವರ್ಕ್ ನೋಡುತ್ತಾ ಆ ಬೆನ್ನನ್ನೂ ನೋಡುತ್ತಾಳೆ. ಒಮ್ಮೊಮ್ಮೆ, ಸಾಕು ಬಿಡಿ, ನಾನು ತೊಳೀತೀನಿ ಎಂಬ ಮಾತು ಬಾಯಿಗೆ ಬರುತ್ತದೆ. ಇನ್ನೂ ಹೇಳಿಲ್ಲ.